ಜಪಾನಿನಲ್ಲಿ ಬಡಿದ ಮೊದಲ ರೊಟ್ಟಿ

ಜಪಾನಿಗೆ ಹೊರಡುವ ಮುನ್ನ ನನ್ನ ಹೆಂಡತಿ ನನಗೆ ಕೊಡಿಸಿದ್ದು ಆರು ಜೊತೆ ಕಾಲುಚೀಲ. ಸುಲ್ತಾನ್ ಬಜಾರಿನ ಗದ್ದಲದ ನಡುವೆ ನಿಂತು ಒಂದೊಂದನ್ನೂ ಹಿಗ್ಗಿಸಿ, ಬೆಳಕಿಗೆ ಹಿಡಿದು, ಹಿಮ್ಮಡಿಯ ಹೆಣಿಗೆ ನೋಡಿ ಆರಿಸಿದಳು. "ಅಲ್ಲಿ ಎಲ್ಲಾರ ಮನ್ಯಾಗೂ ಬೂಟು ಬಿಚ್ಚಬೇಕಂತ. ನಿಮ್ಮ ತೂತಿನ ಕಾಲುಚೀಲ ನೋಡಿ ಮಗಳ ಮಾನ ಹೋಗಬಾರದು ನೋಡ್ರಿ," ಎಂದಳು. ಅಂಗಡಿಯವನ ಜೊತೆ ಉರ್ದುವಿನಲ್ಲಿ ಚೌಕಾಸಿ, ಪಕ್ಕದಲ್ಲಿ ನಿಂತ ಹೆಂಗಸಿನ ಜೊತೆ ತೆಲುಗಿನಲ್ಲಿ ಬಿಸಿಲಿನ ಮಾತು, ನನ್ನ ಮೇಲೆ ಕನ್ನಡದಲ್ಲಿ ಸಿಡುಕು, ಎಲ್ಲವೂ ಒಂದೇ ಉಸಿರಿನಲ್ಲಿ. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದ ನಮಗೆ ಅದೊಂದು ವಿಶೇಷ ಅನ್ನಿಸಿದ್ದೇ ಇಲ್ಲ. ಮೂರು ಭಾಷೆಗಳಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಮೂರೂ ಕೆಲಸಕ್ಕೆ ಬಾರದ ಜಾಗಕ್ಕೆ ನಾನು ಹೊರಟಿದ್ದೇನೆ ಎನ್ನುವುದು ವಿಮಾನ ಏರುವವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

ನಾನು ಕುಷಾಯಿಗೂಡದ ಹತ್ತಿರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ಸುರಪುರದ ಕಡೆಯಿಂದ ಬಂದ ನನ್ನ ಅಪ್ಪ ಈ ಊರಿನಲ್ಲಿ ನೆಲೆ ನಿಂತಿದ್ದ. ನಮಗೆ ಒಬ್ಬಳೇ ಮಗಳು. ನರ್ಸಿಂಗ್ ಓದಿದವಳು ಅದು ಸಾಲದು ಎಂದು ಒಂದು ವರ್ಷ ನಾಂಪಲ್ಲಿಯ ಒಂದು ಮಹಡಿಯ ಕೋಣೆಗೆ ಹೋಗಿ ಜಪಾನಿ ಕಲಿತಳು. ಬಸ್ಸಿನಲ್ಲಿ ಕುಳಿತು ತೊಡೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದಳು. ಆಮೇಲೆ ನಗೋಯಾದಿಂದ ಒಂದೂವರೆ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ, ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅವಳು ಹೋಗಿ ಎರಡು ವರ್ಷವಾಗಿತ್ತು. ಇಬ್ಬರೂ ಹೋಗಿ ನೋಡಿಕೊಂಡು ಬರೋಣ ಎಂದುಕೊಂಡಿದ್ದೆವು. ಆದರೆ ಸೊಂಟದ ಮೂಳೆ ಮುರಿದುಕೊಂಡ ನನ್ನ ಅತ್ತೆ ನಮ್ಮ ಜೊತೆಗೇ ಇದ್ದಾರೆ, ಅವರನ್ನು ಬಿಟ್ಟು ನನ್ನ ಹೆಂಡತಿ ಬರುವ ಹಾಗಿರಲಿಲ್ಲ. ಹೀಗಾಗಿ ನಾನೊಬ್ಬನೇ ಮೂರು ವಾರಕ್ಕೆ ಹೊರಟೆ. ಪೆಟ್ಟಿಗೆಯಲ್ಲಿ ಆರು ಜೊತೆ ಕಾಲುಚೀಲ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮತ್ತು ಒಂಬತ್ತು ಇಂಚಿನ ಒಂದು ಕಬ್ಬಿಣದ ಹಂಚು.

ಹಂಚಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಮಾಡುವವನು ನಾನು. ಹೆಂಡತಿಯ ಮಣಿಕಟ್ಟು ಸೋತು ಡಾಕ್ಟರು ರೊಟ್ಟಿ ಬಡಿಯುವುದನ್ನು ಬಿಡಿಸಿದಾಗ ನನಗೆ ಐವತ್ತೆರಡು. ಮೊದಲ ಆರು ತಿಂಗಳು ನಾನು ಬಡಿದದ್ದನ್ನು ಮಗಳು "ಆಂಧ್ರ ಮ್ಯಾಪು, ತೆಲಂಗಾಣ ಮ್ಯಾಪು" ಎಂದು ಹೆಸರಿಟ್ಟು ತಿನ್ನುತ್ತಿದ್ದಳು. ಕೊನೆಗೊಂದು ದಿನ ರೊಟ್ಟಿ ದುಂಡಗಾಯಿತು. ಆಗಿನಿಂದ ಅವಳು ನನ್ನ ರೊಟ್ಟಿ ಬಿಟ್ಟು ಬೇರೆಯವರದನ್ನು ಒಪ್ಪಿದವಳಲ್ಲ. ಜಪಾನಿಗೆ ಹೋದ ಮೇಲೆ ಫೋನಿನಲ್ಲಿ "ಏನ್ ಉಂಡಿ?" ಎಂದು ಕೇಳಿದರೆ ಯಾವಾಗಲೂ "ಮೊಸರು, ಬ್ರೆಡ್ಡು" ಎನ್ನುತ್ತಿದ್ದಳು. ಹಿಟ್ಟು ತರಬೇಡ, ಇಲ್ಲಿ ನೇಪಾಳಿಯವರ ಅಂಗಡಿಯಲ್ಲಿ ಸಿಗುತ್ತದೆ ಎಂದಿದ್ದಳು. ಸಿಗುತ್ತಿದ್ದರೆ ನೀನೇಕೆ ಮಾಡಿಕೊಳ್ಳುವುದಿಲ್ಲ ಎಂದು ಕೇಳಿದರೆ ಮಾತು ತೇಲಿಸುತ್ತಿದ್ದಳು.

ಬೆಳಿಗ್ಗೆ ಎಂಟಕ್ಕೆ ವಿಮಾನ ಇಳಿಯಿತು. ಮಗಳು ಕಂಬಿಯ ಆಚೆ ಎರಡೂ ಕೈ ಎತ್ತಿಕೊಂಡು ನಿಂತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಸ್ವಲ್ಪ ಬಡವಾಗಿದ್ದಳು. ನಾನು "ಅವ್ವೀ!" ಎಂದು ಕೂಗಿದೆ. ಸುತ್ತ ಇದ್ದವರು ತಿರುಗಿ ನೋಡಿದರು. ಓಡಿಬಂದು ನನ್ನ ತೋಳು ಹಿಡಿದು, "ಮೆಲ್ಲಗ, ಅಪ್ಪಾ," ಎಂದಳು. ಎರಡು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಎರಡು ಟ್ರೇನು ಬದಲಿಸಿ ಹೋಗಬೇಕಿತ್ತು. ಎರಡನೆಯದು ಎರಡೇ ಬೋಗಿಯ ಪುಟ್ಟ ಟ್ರೇನು. ನಾನು ಹಠ ಮಾಡಿ ಎಲ್ಲಕ್ಕಿಂತ ಮುಂದೆ, ಡ್ರೈವರನ ಹಿಂದಿನ ಗಾಜಿಗೆ ಹತ್ತಿಕೊಂಡು ನಿಂತೆ. ಬಿಳಿ ಕೈಗವಸು ತೊಟ್ಟ ಆ ಮನುಷ್ಯ ಸಿಗ್ನಲ್ ಕಂಡಾಗಲೆಲ್ಲ ಬೆರಳು ಚಾಚಿ ತೋರಿಸಿ ಏನೋ ಹೇಳುತ್ತಿದ್ದ. ಗಡಿಯಾರಕ್ಕೂ ಬೆರಳು, ಸ್ಪೀಡಿನ ಮುಳ್ಳಿಗೂ ಬೆರಳು. ಪಕ್ಕದಲ್ಲಿ ಯಾರೂ ಇಲ್ಲ.

"ಯಾರ ಜೋಡಿ ಮಾತಾಡಾಕತ್ತಾನ?"

"ತನ್ನ ಜೋಡಿನ. ಕಣ್ಣಿಲೆ ನೋಡಿ, ಬೆರಳು ಮಾಡಿ, ಬಾಯಿಲೆ ಹೇಳಿದರ ತಪ್ಪು ಆಗೂದಿಲ್ಲಂತ. ನಾವೂ ಮುದುಕರಿಗೆ ಗುಳಿಗಿ ಕೊಡೂ ಮುಂದ ಹಿಂಗ ಮಾಡ್ತೀವಿ. ಹೆಸರಿಗೆ ಬೆರಳು, ಗುಳಿಗಿಗೆ ಬೆರಳು."

ಮೂವತ್ತನಾಲ್ಕು ವರ್ಷ ಅಳತೆ ತೆಗೆದು ಕಾಗದದಲ್ಲಿ ಟಿಕ್ ಹಾಕಿದವನು ನಾನು. ಮನಸ್ಸು ಎಲ್ಲೋ ಇದ್ದರೂ ಕೈ ಟಿಕ್ ಹಾಕುತ್ತದೆ, ನನಗೆ ಗೊತ್ತು. ಬಾಯಿ ಬಿಟ್ಟು ಹೇಳುವಾಗ ಮನಸ್ಸು ಅಲ್ಲೇ ಇರಬೇಕಾಗುತ್ತದೆ. ಇಷ್ಟು ಸಾದಾ ಸಂಗತಿ ನನಗೇಕೆ ಹೊಳೆಯಲಿಲ್ಲ ಎಂದು ನಾಲ್ಕು ಸ್ಟೇಷನ್ನು ಯೋಚಿಸಿದೆ. ಇಳಿದ ಮೇಲೆ ಪ್ಲಾಟ್‌ಫಾರ್ಮಿನ ಒಂದು ಯಂತ್ರದಿಂದ ಮಗಳು ಬಿಸಿ ಚಹಾದ ಡಬ್ಬಿಯನ್ನೂ ತಣ್ಣನೆಯ ನೀರಿನ ಬಾಟಲಿಯನ್ನೂ ತೆಗೆದುಕೊಟ್ಟಳು. ಒಂದೇ ಪೆಟ್ಟಿಗೆಯ ಹೊಟ್ಟೆಯಲ್ಲಿ ಬಿಸಿ, ತಂಪು ಎರಡೂ. ಹಿಂಬದಿಗೆ ಹೋಗಿ ಗಾಳಿ ಹೊರಬರುವ ಕಿಂಡಿಗೆ ಕೈ ಇಟ್ಟು ನೋಡಿದೆ. ತಂಪು ಮಾಡುವಾಗ ತೆಗೆದ ಶಾಖವನ್ನೇ ಆ ಕಡೆಗೆ ತಿರುಗಿಸುತ್ತಾರೇನೋ. ಮಗಳು ನನ್ನ ಅಂಗಿ ಹಿಡಿದು ಎಳೆದಳು.

ಅವಳ ಮನೆ ಎರಡು ಮಹಡಿಯ ಒಂದು ಮರದ ಕಟ್ಟಡದಲ್ಲಿ. ಕೆಳಗೆ ನಾಲ್ಕು, ಮೇಲೆ ನಾಲ್ಕು ಮನೆ. ಅವಳದು ಮೇಲಿನ ಸಾಲಿನ ಕೊನೆಯದು. ಒಂದು ಕೋಣೆ, ಒಂದು ಅಡುಗೆಯ ಮೂಲೆ, ಬಚ್ಚಲು. ಒಳಗೆ ಹೋದ ಕೂಡಲೇ ಅವಳು ತುದಿಗಾಲಲ್ಲಿ ನಡೆಯತೊಡಗಿದಳು. ಕಪಾಟಿನ ಬಾಗಿಲನ್ನು ಮುಚ್ಚುವಾಗ ಬೆರಳು ಅಡ್ಡ ಇಟ್ಟು ಮುಚ್ಚಿದಳು. ಕುರ್ಚಿಯ ಕಾಲುಗಳಿಗೆ ಉಣ್ಣೆಯ ಟೊಪ್ಪಿಗೆ ಹಾಕಿದ್ದಳು. ಇದು ಈ ದೇಶದ ರೀತಿ ಇರಬೇಕು ಎಂದುಕೊಂಡೆ.

ಅಷ್ಟರಲ್ಲಿ ಅವಳಿಗೆ ಫೋನು ಬಂತು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಜ್ವರ, ಮಧ್ಯಾಹ್ನದ ಊಟದ ಹೊತ್ತಿಗೆ ಕೈ ಸಾಲುವುದಿಲ್ಲ, ನಾಲ್ಕೂವರೆಯವರೆಗೆ ಬರಬಹುದೇ ಎಂದು. ಅವಳ ಮುಖ ಸಣ್ಣದಾಯಿತು.

"ಹೋಗಿ ಬಾ. ನನಗ ಮಲಗಬೇಕಾಗೈತಿ," ಎಂದೆ. ಅದು ಸುಳ್ಳು. ನನಗೆ ಆ ಮನೆಯ ಒಂದೊಂದು ಬಟನ್ನನ್ನೂ ನೋಡಬೇಕಾಗಿತ್ತು.

ಬೂಟು ಹಾಕಿಕೊಳ್ಳುತ್ತಲೇ ಹೇಳಿದಳು: "ಹಿಮ್ಮಡ ಊರಿ ನಡೀಬ್ಯಾಡ, ಕೆಳಗಿನವರಿಗೆ ಕೇಳಸ್ತೈತಿ. ಟೀವಿ ಹಚ್ಚಬ್ಯಾಡ. ವಾಷಿಂಗ್ ಮಷೀನ್ ಮುಟ್ಟಬ್ಯಾಡ. ಯಾರ ಬೆಲ್ ಹೊಡದ್ರೂ ಬಾಗಲಾ ತಗೀಬ್ಯಾಡ. ಹಸಿವಾದರ ಫ್ರಿಜ್ಜಿನಾಗ ಅನ್ನ ಐತಿ. ಅಪ್ಪಾ, ಕೇಳಸ್ತೇನು? ಸದ್ದು ಮಾಡಬ್ಯಾಡ."

ಅವಳು ಹೋದ ಮೇಲೆ ನಾನು ಬೆಕ್ಕಿನ ಹಾಗೆ ನಡೆದು ಮನೆಯನ್ನೆಲ್ಲ ನೋಡಿದೆ. ಬಚ್ಚಲಿನ ನೀರು ಎಷ್ಟು ಬಿಸಿ ಬೇಕು ಎಂದು ಅಂಕಿಯಲ್ಲಿ ಹೇಳಬಹುದು. ಕಮೋಡಿನ ಮೇಲಿನ ತೊಟ್ಟಿಗೆ ತುಂಬುವ ನೀರು ಮೊದಲು ಒಂದು ಪುಟ್ಟ ನಳದಿಂದ ಬೀಳುತ್ತದೆ, ಅದರಲ್ಲೇ ಕೈ ತೊಳೆಯಬಹುದು. ಆಮೇಲೆ ಅಡುಗೆಯ ಮೂಲೆಗೆ ಬಂದು ಕಪಾಟು ತೆಗೆದರೆ ಜೋಳದ ಹಿಟ್ಟಿನ ಪೊಟ್ಟಣ ಇತ್ತು, ಒಡೆಯದೆ. ಮಗಳು ಬರುವ ಹೊತ್ತಿಗೆ ನಾಲ್ಕು ರೊಟ್ಟಿ ಮಾಡಿ ಇಟ್ಟರೆ ಹೇಗೆ? ಸದ್ದು ಮಾಡಬೇಡ ಎಂದಿದ್ದಳು, ನಿಜ. ಆದರೆ ಅವಳು ಹೇಳಿದ್ದೆಲ್ಲ ಕಾಲಿನ ಬಗ್ಗೆ, ಮಷೀನಿನ ಬಗ್ಗೆ. ಕೈಯ ಬಗ್ಗೆ ಏನೂ ಹೇಳಿರಲಿಲ್ಲ.

ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದೆ. ಹಳೆಯದು. ಜಿಗಿ ಹೋಗಿತ್ತು. ಜಿಗಿ ಇಲ್ಲದ ಹಿಟ್ಟು ಹಿಡಿದುಕೊಳ್ಳುವುದಿಲ್ಲ, ಬಡಿದಷ್ಟೂ ಅಂಚು ಬಿರಿಯುತ್ತದೆ. ಅದಕ್ಕೆ ಮದ್ದು ಕುದಿಯುವ ನೀರು. ಕೆಟಲ್‌ನಲ್ಲಿ ನೀರು ಕಾಯಿಸಿ ಸುರಿದು, ಚಮಚದಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ನಾದಿದೆ. ಒಲೆಯ ಮೇಲೆ ಹಂಚಿಟ್ಟು ಬಟನ್ ಒತ್ತಿದೆ. ಕೆಂಪು ದೀಪ ಹತ್ತಿತು. ಕಟ್ಟೆ ಅಗಲ ಸಾಲದು ಎಂದು ತರಕಾರಿ ಹೆಚ್ಚುವ ಹಲಗೆಯನ್ನು ನೆಲದ ಮೇಲಿಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತು, ಬಡಿಯತೊಡಗಿದೆ.

ಮೊದಲು ಮೆಲ್ಲಗೆ ಬಡಿದೆ. ಮೆಲ್ಲಗೆ ಬಡಿದರೆ ರೊಟ್ಟಿ ಹರಡುವುದಿಲ್ಲ. ಅದು ಕೈಗೆ ಗೊತ್ತು. ಸ್ವಲ್ಪ ಹೊತ್ತಿಗೆ ಕೈ ತನ್ನ ದಾರಿ ತಾನೇ ಹಿಡಿಯಿತು. ಪಟ ಪಟ ಪಟ, ತಿರುಗಿಸು, ಪಟ ಪಟ.

ಎದ್ದು ರೊಟ್ಟಿಯನ್ನು ಹಂಚಿಗೆ ಹಾಕಿದರೆ ಚುಂಯ್ ಅನ್ನಲಿಲ್ಲ. ಹಂಚು ತಣ್ಣಗಿತ್ತು. ಒಲೆ ಕೀಂ ಕೀಂ ಎಂದು ಕೆಂಪು ದೀಪ ಮಿಟುಕಿಸಿ ತಾನೇ ಆರಿಹೋಯಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ಆಗ ಅರ್ಥವಾಯಿತು. ಇದು ಇಂಡಕ್ಷನ್. ನಮ್ಮ ಹಂಚಿಗೆ ಬೋಗುಣಿಯ ಹಾಗೆ ಹೊಟ್ಟೆ ಇದೆ. ಮಡಚಿದ ಬೋರ್ಡಿಂಗ್ ಪಾಸನ್ನು ಅಂಚಿನ ಕೆಳಗೆ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಅಷ್ಟು ಸಂದು ಇದ್ದರೆ ಈ ಒಲೆ ಅದನ್ನು ಪಾತ್ರೆ ಎಂದೇ ಒಪ್ಪುವುದಿಲ್ಲ. ಅಂಟಿಕೊಂಡ ಮೊದಲ ರೊಟ್ಟಿಯನ್ನು ಕೆರೆದು ತೆಗೆದು, ಹಂಚನ್ನು ಬದಿಗಿಟ್ಟು, ಮಗಳ ಚಪ್ಪಟೆ ಬಾಣಲೆಯಲ್ಲಿ ಎರಡನೆಯ ರೊಟ್ಟಿ ಹಾಕಿದೆ. ಕಾಯಿತು, ಆದರೆ ಬೇಯಲಿಲ್ಲ. ಕಾಯಿಲೆಯವರ ಮುಖದ ಹಾಗೆ ಬಿಳಚಿಕೊಂಡು ಬಿದ್ದಿತ್ತು. ಜ್ವಾಲೆ ಇಲ್ಲದೆ ರೊಟ್ಟಿ ಉಬ್ಬುವುದಾದರೂ ಹೇಗೆ? ಛಲ ಬಿಡದೆ ಮೂರನೆಯದನ್ನು ಬಡಿಯಲು ಕುಳಿತೆ.

ಬಾಗಿಲ ಬೆಲ್ ಹೊಡೆಯಿತು.

ಗೋಡೆಯ ಪುಟ್ಟ ಪರದೆಯಲ್ಲಿ ಒಬ್ಬ ಅಜ್ಜಿ ಕಂಡರು. ಎಪ್ಪತ್ತೈದರ ಮೇಲೆ ಇರಬೇಕು. ಹೂವಿನ ಚಿತ್ರದ ಏಪ್ರನ್, ಮೋಟಾಗಿ ಕತ್ತರಿಸಿದ ಬೆಳ್ಳನೆಯ ಕೂದಲು. ಕ್ಯಾಮೆರಾಕ್ಕೆ ತಲೆ ಬಾಗಿಸಿದರು. ಸ್ವಲ್ಪ ತಡೆದು ಮತ್ತೊಮ್ಮೆ ಬಾಗಿದರು. ಮಗಳು ತೆಗೆಯಬೇಡ ಎಂದಿದ್ದಳು. ಆದರೆ ಮುಚ್ಚಿದ ಬಾಗಿಲಿಗೆ ಬಾಗುತ್ತಾ ನಿಂತ ಹಿರಿಯರನ್ನು ಒಳಗಿನಿಂದ ನೋಡುತ್ತಾ ನಿಲ್ಲುವುದು ನನ್ನಿಂದ ಆಗಲಿಲ್ಲ. ಮುಂಗೈವರೆಗೆ ಹಿಟ್ಟು ಮೆತ್ತಿಕೊಂಡೇ ತೆಗೆದೆ.

ಅವರು ಏನೋ ಕೇಳಿದರು. ನಾನು ಕೈಸನ್ನೆಯಿಂದ ತಡೆಯಿರಿ ಎಂದು ಹೇಳಿ, ಫೋನಿನಲ್ಲಿ ಮಗಳು ಹಾಕಿಕೊಟ್ಟಿದ್ದ ಅನುವಾದದ ಆ್ಯಪನ್ನು ಕಿರುಬೆರಳಿನಿಂದ ಒತ್ತಿ ಅವರ ಮುಂದೆ ಹಿಡಿದೆ. ಅವರು ಫೋನಿಗೂ ತಲೆ ಬಾಗಿಸಿ ಮಾತಾಡಿದರು. ಫೋನು ಹೆಣ್ಣು ದನಿಯಲ್ಲಿ, ಶುದ್ಧ ಕನ್ನಡದಲ್ಲಿ ಹೇಳಿತು: "ಕ್ಷಮಿಸಿ. ನಾನು ಕೆಳಗಿನ ಮನೆಯವಳು. ಯಾರನ್ನಾದರೂ ಹೊಡೆಯಲಾಗುತ್ತಿದೆಯೇ?"

"ಇಲ್ರೀ, ಯವ್ವಾ! ನಾ ರೊಟ್ಟಿ ಬಡಿಯಾಕತ್ತೀನಿ," ಎಂದೆ.

ಫೋನು ಅದನ್ನು ಜಪಾನಿಯಲ್ಲಿ ಹೇಳಿತು. ಅಜ್ಜಿಯ ಕಣ್ಣು ಅಗಲವಾದವು. ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕೈಗಳನ್ನು ನೋಡಿದರು. ಆಮೇಲೆ ಬಹಳ ನಿಧಾನವಾಗಿ, ಹುಷಾರಾಗಿ ಏನೋ ಕೇಳಿದರು.

ಫೋನು ಹೇಳಿತು: "ರೊಟ್ಟಿ ಅವರು ಈಗ ಸುರಕ್ಷಿತವಾಗಿದ್ದಾರೆಯೇ? ಅವರು ನಿಮಗೆ ಏನಾಗಬೇಕು?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಇನ್ನೂ ಅನರ್ಥ ಎಂದು ತುಟಿ ಕಚ್ಚಿಕೊಂಡೆ. ಮನೆಯ ಮಾತು ಕೈಕೊಟ್ಟಿತ್ತು. ಫೋನನ್ನು ಹಿಂದಿ ಭಾಷೆಗೆ ಬದಲಿಸಿ, ಹೈದರಾಬಾದಿನ ಬಸ್ಸಿನಲ್ಲಿ ಮಾತಾಡುವಂತೆ, "ರೋಟಿ ಬನಾ ರಹಾ ಹೂಂ, ಅಮ್ಮಾ. ಖಾನೇ ಕೀ ರೋಟಿ," ಎಂದೆ, ತಿನ್ನುವ ರೊಟ್ಟಿ ಮಾಡುತ್ತಿದ್ದೇನೆ ಎಂದು. ಈ ಸಲ ಫೋನು ಏನು ಹೇಳಿತೋ, ಅಜ್ಜಿ ಕತ್ತು ಓರೆ ಮಾಡಿ ಯೋಚಿಸಿದರು. ನಾನು ಪಕ್ಕಕ್ಕೆ ಸರಿದು ಒಳಗೆ ಕೈ ತೋರಿಸಿದೆ. ಅವರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಅದನ್ನು ಹೊರಮುಖವಾಗಿ ತಿರುಗಿಸಿಟ್ಟು, ನಾಲ್ಕು ಹೆಜ್ಜೆ ಬಂದು ನೋಡಿದರು. ಹಲಗೆ, ಹಿಟ್ಟು, ಅರ್ಧ ಬಡಿದ ರೊಟ್ಟಿ. ನಾನು ಕುಳಿತು ಎರಡು ಸುತ್ತು ಬಡಿದು ತೋರಿಸಿದೆ.

ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಕಣ್ಣೊರೆಸಿಕೊಂಡು ಒಲೆಯ ಪಕ್ಕದ ಹಂಚು ನೋಡಿದರು, ಬಾಣಲೆಯಲ್ಲಿ ಬಿಳಚಿಕೊಂಡ ರೊಟ್ಟಿ ನೋಡಿದರು. ಹಂಚನ್ನು ಒಂದು ಬೆರಳಿನಿಂದ ಒತ್ತಿದಾಗ ಅದು ತೊಟ್ಟಿಲಿನಂತೆ ತೂಗಿತು. "ಆ, ಆ, ಆ," ಎಂದು ತಲೆ ಆಡಿಸಿ, ನನಗೆ ಅಂಗೈ ತೋರಿಸಿ ಇಲ್ಲೇ ಇರಿ ಎಂದು ಹೇಳಿ ಇಳಿದುಹೋದರು.

ಹಿಂದಿರುಗಿದಾಗ ಜೊತೆಯಲ್ಲಿ ಅವರ ಗಂಡ ಇದ್ದರು. ಕೃಶವಾದ ಎತ್ತರದ ಮನುಷ್ಯ, ಕೈಯಲ್ಲಿ ಸೂಟ್‌ಕೇಸಿನಂಥ ಒಂದು ಪೆಟ್ಟಿಗೆ. ತೆರೆದರೆ ಅದರೊಳಗೆ ಪುಟ್ಟ ಗ್ಯಾಸ್ ಒಲೆ. ಸೊಳ್ಳೆಗೆ ಹೊಡೆಯುವ ಔಷಧದ ಡಬ್ಬಿಯಷ್ಟು ಉದ್ದದ ಸಿಲಿಂಡರನ್ನು ಪಕ್ಕದ ಗೂಡಿನಲ್ಲಿ ಮಲಗಿಸಿ ಚಕ್ ಎಂದು ಕೂಡಿಸಿದರು. ಹಂಚನ್ನು ಇಡುವ ಮುನ್ನ ಗೇಣು ಹಾಕಿ ಅಳೆದರು, ಅದು ಸಿಲಿಂಡರಿನ ಮೇಲೆ ಚಾಚುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು, ಕಿಟಕಿ ತೆರೆದರು. ಆಮೇಲೆ ಗುಬುಟು ತಿರುಗಿಸಿದರು. ನೀಲಿ ಜ್ವಾಲೆ. ಅಳತೆ ನೋಡದೆ ಕೆಲಸಕ್ಕೆ ಕೈ ಹಾಕದ ಮನುಷ್ಯನನ್ನು ಕಂಡು ನನಗೆ ನಮ್ಮ ಟೂಲ್ ರೂಮಿಗೆ ಬಂದಷ್ಟು ಹಾಯೆನಿಸಿತು.

ಹಂಚು ಕಾಯಿತು. ರೊಟ್ಟಿ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಹಂಚು ಪಕ್ಕಕ್ಕಿಟ್ಟು ರೊಟ್ಟಿಯನ್ನು ಜ್ವಾಲೆಯ ಮೇಲೇ ಹಿಡಿದೆ. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು, ಹರಡಿತು, ಇಡೀ ರೊಟ್ಟಿ ಚೆಂಡಿನಂತೆ ಉಬ್ಬಿ ನಿಂತಿತು. ಇಬ್ಬರೂ ಒಟ್ಟಿಗೆ "ಓ...!" ಎಂದರು. ಮೂವತ್ತನಾಲ್ಕು ವರ್ಷದಲ್ಲಿ ಸಾವಿರ ಡೈ ಅಚ್ಚು ಮಾಡಿದ್ದೇನೆ, ಯಾರೂ ಹಾಗೆ ಓ ಎಂದವರಿಲ್ಲ.

ಶೇಂಗಾ ಚಟ್ನಿಗೆ ಎಣ್ಣೆ ಕಲಸಿ, ಫ್ರಿಜ್ಜಿನ ಮೊಸರು ತೆಗೆದು, ಮುರಿದು ಕೊಟ್ಟೆ. ಅಜ್ಜಿ ಬಾಯಿಗೆ ಗಾಳಿ ಬೀಸಿಕೊಂಡರು, ಆದರೂ ಮತ್ತೆ ಕೈ ಚಾಚಿದರು. ಅಜ್ಜ ಮಾತ್ರ ತಿನ್ನುವುದನ್ನು ಬಿಟ್ಟು ಹಿಟ್ಟಿನ ಬೋಗುಣಿಯ ಮುಂದೆ ಕುಳಿತಿದ್ದರು. ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದರು, ಮೂಸಿದರು, ನಾಲಿಗೆಗೆ ಹಚ್ಚಿದರು. ಗಿರಣಿಯ ಮುಂದೆ ನಿಂತು ನನ್ನ ತಾಯಿ ಹಿಟ್ಟು ನೋಡುತ್ತಿದ್ದುದು ಹೀಗೆಯೇ. ನನ್ನ ಕಡೆ ತಿರುಗಿ, ನಾನೂ ಒಂದು ಮಾಡಲೇ ಎಂದು ಕಣ್ಣಿನಲ್ಲೇ ಕೇಳಿದರು.

ಅವರ ಮೊದಲ ರೊಟ್ಟಿ ನಾಲ್ಕೇ ಏಟಿಗೆ ಮೂರು ತುಂಡಾಯಿತು. ನಾಲಿಗೆ ಲೊಚಗುಟ್ಟಿ, ತೋಳು ಮಡಚಿ, ಹೊಸ ಹಿಟ್ಟು ಹಾಕಿಕೊಂಡರು. ಕುದಿಯುವ ನೀರನ್ನು ನನ್ನ ಹಾಗೆ ಒಮ್ಮೆಲೇ ಸುರಿಯಲಿಲ್ಲ. ಸ್ವಲ್ಪ ಹಾಕಿ, ಬೆರಳುಗಳನ್ನು ಬಾಚಣಿಗೆಯ ಹಾಗೆ ಬಿಡಿಸಿ ಬೋಗುಣಿಯ ಅಂಚಿನಗುಂಟ ಸುತ್ತಿಸಿದರು. ಮತ್ತೆ ಸ್ವಲ್ಪ ನೀರು. ಹಿಟ್ಟು ಮೊದಲು ರವೆಯಾಯಿತು, ಆಮೇಲೆ ಕಡಲೆಕಾಳಿನಷ್ಟಾಯಿತು, ಕೊನೆಗೆ ತಾನಾಗಿ ಒಂದು ಗುಂಡಾಗಿ ಕೂಡಿತು. ಬೋಗುಣಿಯಲ್ಲಿ ಒಂದು ಕಣ ಉಳಿದಿರಲಿಲ್ಲ. ಮುಟ್ಟಿ ನೋಡಿದೆ. ಜಿಗಿ ಹೋದ ಆ ಹಿಟ್ಟಿನಿಂದ ನಾನು ತೆಗೆಯಲಾರದ ಮೆದು ಅದರಲ್ಲಿತ್ತು. ಇವರು ಯಾರು, ಈ ಕೈಗೆ ಇದು ಎಲ್ಲಿಂದ ಬಂತು ಎಂದು ಕೇಳಬೇಕು ಅನ್ನಿಸಿತು. ಫೋನು ಹಿಟ್ಟಿನಲ್ಲಿ ಮುಳುಗಿ ಎಲ್ಲೋ ಬಿದ್ದಿತ್ತು. ಅದೇ ಕಣಕದಿಂದ ನಾನು ಬಡಿದೆ, ಅವರು ಬೇಯಿಸಿದರು. ಹಾಗೆ ಐದೋ ಆರೋ ಆದವು. ಒಬ್ಬರಿಗೊಬ್ಬರು ಮಾತಾಡುತ್ತಲೇ ಇದ್ದೆವು, ಅವರು ಅವರ ಭಾಷೆಯಲ್ಲಿ, ನಾನು ನನ್ನದರಲ್ಲಿ.

ಮಗಳು ಬಂದದ್ದು ನಾಲ್ಕೂವರೆ ದಾಟಿದ ಮೇಲೆ. ಹೊಸ್ತಿಲಲ್ಲಿ ಎರಡು ಜೊತೆ ಪರರ ಚಪ್ಪಲಿ ನೋಡಿ ಅಲ್ಲೇ ನಿಂತಳು. ಒಳಗೆ ನಾನು ಪಟ ಪಟ ಬಡಿಯುತ್ತಲೇ ಇದ್ದೆ. ಬ್ಯಾಗು ಕೆಳಗಿಟ್ಟು ಸೊಂಟ ಬಗ್ಗಿಸಿ ಬಗ್ಗಿಸಿ ಅವರಿಬ್ಬರಲ್ಲಿ ಏನೋ ಬೇಡಿಕೊಳ್ಳತೊಡಗಿದಳು. ಕ್ಷಮೆ ಕೇಳುತ್ತಿದ್ದಾಳೆ ಎಂದು ತಿಳಿಯಲು ಭಾಷೆ ಬೇಕಿರಲಿಲ್ಲ.

ನನ್ನ ಕಡೆ ತಿರುಗಿ, "ಅಪ್ಪಾ, ನಾ ಏನ್ ಹೇಳಿ ಹೋಗಿದ್ದೆ? ಒಂದ ದಿನಾ ತಡಕೊಳ್ಳಾಕ ಆಗಲಿಲ್ಲೇನು? ಎರಡು ವರ್ಷ ನಾ ಈ ಮನ್ಯಾಗ ಉಸಿರ ಬಿಗಿಹಿಡದು ಬದುಕೀನಿ. ಕುಕ್ಕರ್ ಸೀಟಿ ಹೊಡೀತೈತಿ ಅಂತ ಬ್ಯಾಳಿ ಕುದಿಸಿಲ್ಲ. ನಿಮ್ಮ ಜೋಡಿ ಫೋನಿನಾಗ ಮಾತಾಡಬೇಕಂದ್ರ ನದಿ ದಂಡಿಗೆ ಹೋಗ್ತಿದ್ದೆ!" ಎಂದಳು.

ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟೆ. ಫೋನಿನಲ್ಲಿ ಯಾವಾಗಲೂ ಅವಳ ಹಿಂದೆ ಕೇಳುತ್ತಿದ್ದ ಗಾಳಿಯ ಸದ್ದನ್ನು ನಾವು ಫ್ಯಾನು ಎಂದುಕೊಂಡಿದ್ದೆವು. "ಯಾಕವ್ವಾ?" ಎಂದೆ.

"ಬಂದ ಮೊದಲನೇ ತಿಂಗಳ ಪೋಸ್ಟ್ ಡಬ್ಬಿಯಾಗ ಒಂದು ಚೀಟಿ ಹಾಕಿದ್ರು. ನಿಮ್ಮ ಸದ್ದಿನಿಂದ ತ್ರಾಸ ಆಗಾಕತ್ತೈತಿ, ದಯವಿಟ್ಟು ಕಾಳಜಿ ತಗೋರಿ ಅಂತ. ಕೆಳಗಿನವರ ಬಿಟ್ಟರ ಮತ್ತ್ಯಾರು ಹಾಕ್ತಾರ? ಅವರ ಮುಖಾ ನೋಡಾಕೂ ನನಗ ನಾಚಿಕಿ."

ಅಜ್ಜಿಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಮಗಳ ತೋಳು ಮುಟ್ಟಿ ಏನೋ ಕೇಳಿದರು. ಮಗಳು ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಅಜ್ಜಿ ಅಜ್ಜನನ್ನು ನೋಡಿದರು, ಅಜ್ಜ ಅಜ್ಜಿಯನ್ನು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಮಗಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕುಳಿತುಬಿಟ್ಟಳು.

"ಏನಂತಾರ?" ಎಂದೆ.

"ಆ ಚೀಟಿ ಅವರು ಹಾಕಿದ್ದಲ್ಲಂತ. ಅವರ ಡಬ್ಬಿಗೂ ಬಂದಿತ್ತಂತ. ಈ ಕಟ್ಟಡ ನೋಡ್ಕೊಳ್ಳೂ ಕಂಪನಿಯವರು ಎಂಟೂ ಮನೀಗೆ ಹಾಕ್ಯಾರ, ಅದು ಎಲ್ಲಾರಿಗೂ ಹಾಕೂ ಚೀಟಿ. ಅಜ್ಜಾರು ರೇಡಿಯೋ ಜೋರು ಹಚ್ತಿದ್ರಂತ. ಮ್ಯಾಲಿನ ಹುಡುಗಿನ ದೂರು ಕೊಟ್ಟಾಳ ಅಂತ ತಿಳಕೊಂಡು, ಅವತ್ತಿನಿಂದ ಕಿವ್ಯಾಗ ವಾಯರ್ ಹಾಕ್ಕೊಂಡ ಕೇಳ್ತಾರಂತ."

ನಗಬೇಕೋ ಬೇಡವೋ ಎಂದು ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಜ್ಜಿ ಇನ್ನೊಂದು ಮಾತು ಹೇಳಿದರು. ಅದನ್ನು ಮಗಳು ಬಿಡಿಸಿ ಬಿಡಿಸಿ ಹೇಳಿದಳು.

"ಸಂಜೀಕ ನೀರಿನ ಪೈಪಿನ ಸದ್ದು ಕೇಳಿದರ, ಹುಡುಗಿ ಬಂದಾಳ, ಆರಾಮ ಇದ್ದಾಳ ಅಂದ್ಕೋತಿದ್ರಂತ. ಅಡಗಿ ಮಾಡೂ ಸದ್ದು ಒಂದು ದಿನಾನೂ ಕೇಳಿಲ್ಲಂತ. ಈ ಹುಡುಗಿ ಏನ್ ಉಣ್ತಾಳೋ ಏನೋ ಅಂತ ಇಬ್ರೂ ಮಾತಾಡ್ಕೋತಿದ್ರಂತ. ಇವತ್ತ ಸದ್ದು ಕೇಳಿ ಅವರಿಗೆ ಅಂಜಿಕಿ ಆತಂತ, ನನಗ ಯಾರರ ಹೊಡ್ಯಾಕತ್ತಾರೇನು ಅಂತ."

ಅಷ್ಟು ಹೇಳಿ ಮಗಳು ಎದ್ದು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡಳು. ಹಿಂದಿರುಗಿದಾಗ ಕಣ್ಣು ಕೆಂಪಾಗಿದ್ದವು. ನಾನು ರೊಟ್ಟಿ, ಚಟ್ನಿ, ಮೊಸರು ಇಟ್ಟ ತಟ್ಟೆಯನ್ನು ಅವಳ ಮುಂದಿಟ್ಟೆ. ಅವಳು ಒಂದು ರೊಟ್ಟಿ ತಿಂದು, ಎರಡನೆಯದಕ್ಕೆ ಕೈ ಹಾಕಿದಾಗ ಅಜ್ಜಿ ಉಸಿರು ಬಿಟ್ಟರು.

ಆಗಲೇ ಹೈದರಾಬಾದಿನಿಂದ ವೀಡಿಯೊ ಕರೆ ಬಂತು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಪರದೆಯಲ್ಲಿ ಗಂಡ, ಮಗಳು, ಜೊತೆಗೆ ಇಬ್ಬರು ಜಪಾನಿ ಹಿರಿಯರನ್ನು ಕಂಡು ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ನಮಸ್ಕಾರ ಮಾಡಿದಳು. ಅವರು ಬಾಗಿದರು. ಅವಳೂ ಬಾಗಿದಳು. ಆಮೇಲೆ ತಟ್ಟೆ ನೋಡಿ, "ಅಂಚು ದಪ್ಪ ಆಗೈತ್ರೀ," ಎಂದಳು. ಮಗಳು ಅದನ್ನು ಅನುವಾದ ಮಾಡಿದಾಗ ಅಜ್ಜ ಗಂಭೀರವಾಗಿ ತಲೆದೂಗಿ, ಆ ತಪ್ಪು ನನ್ನದು ಎಂದು ಎದೆ ಮುಟ್ಟಿಕೊಂಡರು. ಆಗ ಮಗಳು ಅವರನ್ನು ಕೇಳಿ ನನಗೆ ಹೇಳಿದಳು: ಅವರು ನಲವತ್ತು ವರ್ಷ ಸ್ಟೇಷನ್ನಿನ ಹತ್ತಿರ ಶಾವಿಗೆಯ ಅಂಗಡಿ ಇಟ್ಟಿದ್ದರಂತೆ. ಅವರ ಕಡೆ ಶಾವಿಗೆ ಮಾಡುವ ಒಂದು ಕಪ್ಪು ಧಾನ್ಯವಿದೆ, ಅದರ ಹಿಟ್ಟಿಗೂ ಜಿಗಿ ಇಲ್ಲ. ಅದನ್ನು ಕೂಡಿಸುವುದು ಕಲಿಯಲು ಅವರಿಗೆ ಮೂರು ವರ್ಷ ಬೇಕಾಯಿತಂತೆ. ನಾಳೆ ಆ ಹಿಟ್ಟು ತರುತ್ತಾರೆ, ಅದನ್ನು ಬಡಿದರೆ ಏನಾಗುತ್ತದೆ ನೋಡಬೇಕಂತೆ.

ಹೊರಡುವಾಗ ಅಜ್ಜ ತಮ್ಮ ಒಲೆಯನ್ನು ಇಲ್ಲೇ ಬಿಟ್ಟು ಹೋದರು. ನಾಳೆ ಎಷ್ಟು ಹೊತ್ತಿಗೆ ಬಡಿಯುತ್ತೀರಿ ಎಂದು ಕೇಳಿದರು. ಹನ್ನೊಂದಕ್ಕೆ ಎಂದೆ. ಹನ್ನೊಂದಕ್ಕೆ ಎಂದು ಅವರು ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸಿ ಗಟ್ಟಿಯಾಗಿ ಹೇಳಿದರು.

ಅವರು ಮೆಟ್ಟಿಲು ಇಳಿಯುತ್ತಿರುವಾಗ ಹೊರಗೆ ಎಲ್ಲಿಂದಲೋ ಒಂದು ರಾಗ ಕೇಳಿಬಂತು. ಘಂಟೆಯ ದನಿಯಲ್ಲಿ, ನಿಧಾನವಾಗಿ, ಇಡೀ ಊರಿನ ಮೇಲೆ ಹರಡುವ ಹಾಗೆ. ಕಿಟಕಿಗೆ ಹೋದೆ. ಮನೆಗಳ ಮಾಡುಗಳ ನಡುವೆ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ತುತ್ತೂರಿ.

"ಇದೇನು?"

"ದಿನಾ ಐದಕ್ಕ ಬಾರಸ್ತಾರ. ಹುಡುಗ್ರು ಆಡೂದು ಬಿಟ್ಟು ಮನೀಗೆ ಹೋಗ್ಲಿ ಅಂತ."

"ಬಾರಸವ್ರು ಯಾರು? ಮನಷ್ಯಾ ಕುಂತಿರ್ತಾನೋ, ಮಷೀನೋ? ಕರೆಂಟ್ ಹೋದರ? ಹಗಲು ಸಣ್ಣದಾದರ ಟೈಮ್ ಬದಲಿ ಮಾಡ್ತಾರೇನು?"

ಮಗಳು ಕಿಟಕಿಗೆ, ನನ್ನ ಪಕ್ಕಕ್ಕೆ ಬಂದಳು. "ನನಗೂ ಗೊತ್ತಿಲ್ಲಪ್ಪ. ಎರಡು ವರ್ಷದಾಗ ಯಾರನ್ನೂ ಕೇಳಿಲ್ಲ," ಎಂದಳು. ಆ ಕಂಬವನ್ನೊಮ್ಮೆ ನೋಡಿ ಬಾಗಿಲಿನ ಕಡೆ ನಡೆದಳು.

"ತಡಿ, ಕೆಳಗ ಹೋಗಿ ಕೇಳ್ಕೊಂಡು ಬರತೀನಿ."